ಪಕ್ಷಿವೀಕ್ಷಕರ ಬಳಗಕ್ಕೆ ಮನೆಯಲ್ಲೇ ಗೋಟುಸೋಶಿಯಲ್ ಸರ್ವರ್: ಆರು ವಾರಗಳ ಕೆಲಸದ ದಾಖಲೆ

ಮೈಸೂರಿನ ಸುತ್ತಮುತ್ತಲ ಕೆರೆಗಳಲ್ಲಿ ಹಕ್ಕಿ ನೋಡುವ ನಮ್ಮ ಬಳಗದಲ್ಲಿ 11 ಜನರಿದ್ದೇವೆ. ಇಷ್ಟು ವರ್ಷ ನಮ್ಮ ಚಿತ್ರಗಳೂ ಟಿಪ್ಪಣಿಗಳೂ ಫೋನಿನ ಒಂದು ಸಂದೇಶದ ಗುಂಪಿನಲ್ಲಿ ಹರಿದುಹೋಗುತ್ತಿದ್ದವು. ಹದಿನಾರು ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಕಳೆದ ವರ್ಷ ಯಾವ ವಾರ ಬಂದವೆಂದು ತಿಳಿಯಬೇಕಾದರೆ ಸಾವಿರಾರು ಸಂದೇಶಗಳನ್ನು ಹಿಂದಕ್ಕೆ ಎಳೆಯಬೇಕಾಗಿತ್ತು. ಇದಕ್ಕಿಂತ ದೊಡ್ಡ ಚಿಂತೆ ಗೂಡುಗಳದ್ದು. ಫೋನಿನಲ್ಲಿ ತೆಗೆದ ಚಿತ್ರದೊಳಗೆ ಅಕ್ಷಾಂಶ, ರೇಖಾಂಶಗಳು ಸೇರಿಕೊಂಡಿರುತ್ತವೆ. ಆ ಚಿತ್ರ ಯಾರ ಕೈಗೆ ಹೋಯಿತೆಂಬುದರ ಮೇಲೆ ನಮಗೆ ಹಿಡಿತವಿರಲಿಲ್ಲ. ನಮ್ಮದೇ ಯಂತ್ರದಲ್ಲಿ, ನಮ್ಮದೇ ಹೆಸರಿನಲ್ಲಿ ಒಂದು ಸಣ್ಣ ಸಾಮಾಜಿಕ ಜಾಲ ಇರಲಿ, ಬೇಕೆನಿಸಿದಾಗ ಹೊರಗಿನ ಸರ್ವರ್‌ಗಳ ಜನರೊಂದಿಗೂ ಮಾತನಾಡುವಂತಿರಲಿ ಎಂದು 2025ರ ಜನವರಿಯಲ್ಲಿ ಈ ಕೆಲಸಕ್ಕೆ ಕೈಹಾಕಿದೆ. ನಡೆದದ್ದನ್ನು ನಡೆದ ಕ್ರಮದಲ್ಲೇ, ತಪ್ಪುಗಳನ್ನೂ ಸೇರಿಸಿ, ಇಲ್ಲಿ ಬರೆದಿಡುತ್ತಿದ್ದೇನೆ.

ಜನವರಿ 4: ಮಾಸ್ಟೊಡಾನ್, ಮೊದಲ ಸೋಲು

ತಿಂಗಳಿಗೆ ₹430 ಬಾಡಿಗೆಯ ಒಂದು ಸಣ್ಣ ಸರ್ವರ್ ನನ್ನ ಬಳಿ ಮೊದಲೇ ಇತ್ತು: ಒಂದು ಪ್ರೊಸೆಸರ್, 1 ಜಿಬಿ ಮೆಮೊರಿ, 25 ಜಿಬಿ ಡಿಸ್ಕ್. ಅದರ ಮೇಲೆಯೇ ಮಾಸ್ಟೊಡಾನ್ ಎಂಬ, ಯಾರು ಬೇಕಾದರೂ ತಮ್ಮ ಯಂತ್ರದಲ್ಲಿ ನಡೆಸಬಹುದಾದ ಸಾಮಾಜಿಕ ಜಾಲದ ತಂತ್ರಾಂಶವನ್ನು ಹಾಕಲು ಹೊರಟೆ. ಅದಕ್ಕೆ ರೂಬಿ, ನೋಡ್, ಪೋಸ್ಟ್‌ಗ್ರೆಸ್, ರೆಡಿಸ್ ಎಂಬ ಬೇರೆ ತಂತ್ರಾಂಶಗಳು ಇಷ್ಟೂ ಬೇಕು. ಇವೆಲ್ಲ ಓಡಲು ಆರಂಭಿಸಿದ ಮೇಲೆ 1 ಜಿಬಿಯಲ್ಲಿ ಉಳಿಯುವುದು ತೀರಾ ಕಡಿಮೆ. ವೆಬ್ ಪುಟಗಳ ಕಡತಗಳನ್ನು ಸಿದ್ಧಪಡಿಸುವ ಹಂತದಲ್ಲಿ ಕೆಲಸ ಯಾವ ವಿವರಣೆಯೂ ಇಲ್ಲದೆ 'ಕಿಲ್ಡ್' ಎಂಬ ಒಂದೇ ಪದದೊಂದಿಗೆ ನಿಂತಿತು. ಕರ್ನಲ್‌ನ ದಾಖಲೆ ತೆರೆದು ನೋಡಿದಾಗ, ಮೆಮೊರಿ ಸಾಲದೆ ಕರ್ನಲ್ ತಾನೇ ಆ ಪ್ರಕ್ರಿಯೆಯನ್ನು ಕೊಂದಿತ್ತು. 2 ಜಿಬಿ ಸ್ವಾಪ್, ಅಂದರೆ ಮೆಮೊರಿಯಂತೆ ಬಳಸುವ ಡಿಸ್ಕಿನ ಜಾಗ, ಸೇರಿಸಿ ಮತ್ತೆ ಓಡಿಸಿದೆ. 40 ನಿಮಿಷವಾದರೂ ಮುಗಿಯಲಿಲ್ಲ, ಅಷ್ಟರಲ್ಲಿ ಸರ್ವರ್‌ಗೆ ಲಾಗಿನ್ ಆಗುವುದೇ ಕಷ್ಟವಾಯಿತು. ಇದರಲ್ಲಿ ಮಾಸ್ಟೊಡಾನ್‌ನ ದೋಷವೇನಿಲ್ಲ; ಸಾವಿರಾರು ಜನ ಬಳಸಲೆಂದು ಕಟ್ಟಿದ್ದನ್ನು 11 ಜನರಿಗಾಗಿ ಇಷ್ಟು ಚಿಕ್ಕ ಯಂತ್ರದಲ್ಲಿ ಕೂರಿಸಲು ಹೋದ ಆಯ್ಕೆ ನನ್ನದು.

ಆ ರಾತ್ರಿಯೇ ಇದೇ ಬಗೆಯ, ಆದರೆ ಹಗುರವಾದ ಗೋಟುಸೋಶಿಯಲ್ ಕಡೆಗೆ ತಿರುಗಿದೆ. ಇದು ಗೋ ಭಾಷೆಯಲ್ಲಿ ಬರೆದದ್ದು, ಓಡಿಸಲು ಒಂದೇ ಕಡತ ಸಾಕು, ಡೇಟಾಬೇಸ್‌ಗೆ ಎಸ್‌ಕ್ಯೂಲೈಟ್ ಸಾಲುತ್ತದೆ. ಮಾಸ್ಟೊಡಾನ್ ಬಳಸುವ ಆಕ್ಟಿವಿಟಿಪಬ್ ಎಂಬ, ಸರ್ವರ್‌ಗಳು ಪರಸ್ಪರ ಮಾತನಾಡುವ ನಿಯಮಾವಳಿಯನ್ನೇ ಇದೂ ಬಳಸುವುದರಿಂದ ಎರಡರ ಜನರೂ ಪರಸ್ಪರ ಹಿಂಬಾಲಿಸಬಹುದು. ಮಾಸ್ಟೊಡಾನ್‌ನಲ್ಲಿ ಒಂದು ಬರಹಕ್ಕೆ 500 ಅಕ್ಷರಗಳ ಮಿತಿ ಇರುವುದು ವಾಡಿಕೆ. ಇಲ್ಲಿ ಮೊದಲಿನಿಂದಲೇ 5000. ಕ್ಷೇತ್ರ ಟಿಪ್ಪಣಿಯನ್ನು ಕನ್ನಡದಲ್ಲಿ ವಿವರವಾಗಿ ಬರೆಯುವ ನಮಗೆ ಇದೊಂದೇ ದೊಡ್ಡ ಅನುಕೂಲವಾಗಿ ಕಂಡಿತು.

ಜನವರಿ 11 ಮತ್ತು 12: ಮನೆಯ ಯಂತ್ರ

ಚಿತ್ರಗಳು ಬಹಳ ಬರುತ್ತವೆ ಎಂಬುದು ಗೊತ್ತಿದ್ದುದರಿಂದ 25 ಜಿಬಿ ಡಿಸ್ಕ್ ನೆಚ್ಚಿಕೊಳ್ಳುವಂತಿರಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಳಸಿದ ಪುಟ್ಟ ಡೆಸ್ಕ್‌ಟಾಪ್ ಒಂದನ್ನು ₹8,200ಕ್ಕೆ ತಂದೆ: 8 ಜಿಬಿ ಮೆಮೊರಿ, 256 ಜಿಬಿ ಎಸ್‌ಎಸ್‌ಡಿ. ಪ್ಲಗ್‌ಗೆ ಸಿಕ್ಕಿಸುವ ಮೀಟರ್‌ನಲ್ಲಿ ಅಳೆದಾಗ ಸುಮ್ಮನಿರುವಾಗ 11 ವಾಟ್ ತೋರಿಸಿತು, ಅಂದರೆ ತಿಂಗಳಿಗೆ ಸುಮಾರು 8 ಯೂನಿಟ್. ಡೆಬಿಯನ್ 12 ಎಂಬ ಲಿನಕ್ಸ್ ವ್ಯವಸ್ಥೆಯನ್ನು ಡೆಸ್ಕ್‌ಟಾಪ್ ಪರದೆಯಿಲ್ಲದೆ, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಮಾತ್ರ ಆರಿಸಿ ಹಾಕಿದೆ.

ಗೋಟುಸೋಶಿಯಲ್ ಸ್ಥಾಪಿಸುವ ಭಾಗ ಒಂದು ಗಂಟೆಯೂ ಹಿಡಿಯಲಿಲ್ಲ. ಪ್ರತ್ಯೇಕ ಬಳಕೆದಾರನನ್ನು ಸೃಷ್ಟಿಸಿ, ತಂತ್ರಾಂಶವನ್ನು ಕಟ್ಟಿಟ್ಟ ಟಾರ್ ಕಡತವನ್ನು ಬಿಚ್ಚಿ, ಜೊತೆಗೆ ಬಂದ ಮಾದರಿ ಸಂರಚನೆಯನ್ನು ನಕಲು ಮಾಡಿಕೊಂಡು, ಹೆಸರು, ಡೇಟಾಬೇಸ್‌ನ ಬಗೆ, ಚಿತ್ರಗಳನ್ನಿಡುವ ಜಾಗ ಇಷ್ಟನ್ನು ತುಂಬಿದರೆ ಮುಗಿಯಿತು. ಓಡಿಸಿದಾಗ 8080ನೇ ಪೋರ್ಟ್‌ನಲ್ಲಿ (ಯಂತ್ರದೊಳಗೆ ಬರುವ, ಸಂಖ್ಯೆ ಹಾಕಿದ ಬಾಗಿಲು) ಪುಟ ಬಂತು. ಖಾತೆಗಳನ್ನು ಟರ್ಮಿನಲ್‌ನಿಂದಲೇ ಸೃಷ್ಟಿಸಬಹುದಾದ್ದರಿಂದ ಇಮೇಲ್ ಕಳುಹಿಸುವ ವ್ಯವಸ್ಥೆಯ ಗೋಜಿಗೆ ಹೋಗಲಿಲ್ಲ.

ಹೆಸರಿನ ಬಗ್ಗೆ ಒಂದು ಮಾತು. 'ಡಾಟ್ ಭಾರತ' ಎಂದು ಕನ್ನಡ ಲಿಪಿಯಲ್ಲೇ ಮುಗಿಯುವ ಡೊಮೇನ್ ಕೊಳ್ಳಬೇಕೆಂಬ ಆಸೆ ನನಗಿತ್ತು. ಆದರೆ ಅಂತಹ ಹೆಸರು ಒಳಗೊಳಗೆ 'ಎಕ್ಸ್‌ಎನ್' ಎಂದು ಆರಂಭವಾಗುವ ರೋಮನ್ ಅಕ್ಷರಗಳ ಸರಣಿಯಾಗಿ ಬದಲಾಗುತ್ತದೆ, ಎಷ್ಟೋ ಕಡೆ ಆ ಸರಣಿಯೇ ಪರದೆಯ ಮೇಲೂ ಕಾಣುತ್ತದೆ. ಬಳಕೆದಾರರ ಹೆಸರಿನಲ್ಲೂ ರೋಮನ್ ಅಕ್ಷರ, ಅಂಕಿ, ಅಡಿಗೆರೆ ಬಿಟ್ಟು ಬೇರೇನೂ ನಡೆಯುವುದಿಲ್ಲ. ಮನಸ್ಸಿಲ್ಲದ ಮನಸ್ಸಿನಿಂದ ವರ್ಷಕ್ಕೆ ₹650ರ ಸಾಮಾನ್ಯ ಡೊಮೇನ್ ಕೊಂಡೆ. ಖಾತೆಯ ಮೇಲೆ ಕಾಣುವ ಹೆಸರನ್ನು ಮಾತ್ರ ಎಲ್ಲರೂ ಕನ್ನಡದಲ್ಲಿ ಬರೆದುಕೊಂಡಿದ್ದೇವೆ.

ಜನವರಿ 13: ಹೊರಗಿನಿಂದ ದಾರಿಯಿಲ್ಲ

ರೂಟರ್‌ನಲ್ಲಿ 80 ಮತ್ತು 443ನೇ ಪೋರ್ಟ್‌ಗಳನ್ನು ಹೊಸ ಯಂತ್ರಕ್ಕೆ ತಿರುಗಿಸಿದೆ. ಮನೆಯೊಳಗೆ ಪುಟ ತೆರೆಯುತ್ತಿತ್ತು, ಫೋನಿನ ಡೇಟಾದಲ್ಲಿ ತೆರೆಯುತ್ತಿರಲಿಲ್ಲ. ಎರಡು ಗಂಟೆ ಫೈರ್‌ವಾಲ್‌ನಲ್ಲಿ ತಪ್ಪು ಹುಡುಕಿದ ಮೇಲೆ ರೂಟರ್‌ನ ಹೊರಮುಖದ ವಿಳಾಸ ನೋಡಿದೆ: ಅದು 100.72 ಎಂದು ಆರಂಭವಾಗುತ್ತಿತ್ತು. 100.64ರಿಂದ 100.127ರವರೆಗಿನ ವಿಳಾಸಗಳು ಅಂತರ್ಜಾಲ ಕಂಪನಿಗಳು ತಮ್ಮೊಳಗೆ ಹಂಚಿಕೊಳ್ಳಲೆಂದೇ ಮೀಸಲಾಗಿರುವಂಥವು. ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಅನೇಕ ಮನೆಗಳಿರುವುದರಿಂದ ಹೊರಗಿನವರು ನಮ್ಮ ರೂಟರ್‌ನ ಬಾಗಿಲನ್ನು ತಟ್ಟಲು ಸಾಧ್ಯವೇ ಇಲ್ಲ. ಪೋರ್ಟ್ ತಿರುಗಿಸುವ ಮೊದಲು ಈ ಒಂದು ಸಾಲನ್ನು ನೋಡಿದ್ದರೆ ಎರಡು ಗಂಟೆ ಉಳಿಯುತ್ತಿತ್ತು.

ಜನವರಿ 18: ಸುರಂಗ

ಪರಿಹಾರವಾಗಿ ಒದಗಿದ್ದು, ಮೊದಲ ವಾರ ಕೈಬಿಟ್ಟಿದ್ದ ಅದೇ ಬಾಡಿಗೆ ಸರ್ವರ್. ಅದಕ್ಕೆ ಸಾರ್ವಜನಿಕ ವಿಳಾಸವಿದೆ. ಮನೆಯ ಯಂತ್ರಕ್ಕೆ ಜಾಗವಿದೆ. ಎರಡರ ನಡುವೆ ವೈರ್‌ಗಾರ್ಡ್ ಸುರಂಗ, ಅಂದರೆ ಅಂತರ್ಜಾಲದ ಮೂಲಕವೇ ಎರಡು ಯಂತ್ರಗಳನ್ನು ಜೋಡಿಸುವ ಖಾಸಗಿ ದಾರಿ, ಹಾಕಿದೆ. ಬಾಡಿಗೆ ಸರ್ವರ್‌ಗೆ 10.8.0.1, ಮನೆಯದಕ್ಕೆ 10.8.0.2, ಪೋರ್ಟ್ 51820. ಸಂಪರ್ಕವನ್ನು ಯಾವಾಗಲೂ ಮನೆಯ ಕಡೆಯಿಂದಲೇ ಆರಂಭಿಸಬೇಕು, ಅದು ತಣ್ಣಗಾಗದಂತೆ 25 ಸೆಕೆಂಡಿಗೊಮ್ಮೆ ಒಂದು ಖಾಲಿ ಪ್ಯಾಕೆಟ್ (ಮಾಹಿತಿಯ ಕಂತು) ಹೋಗುತ್ತಿರಬೇಕು. ಆ ಸಾಲನ್ನು ಮರೆತರೆ ಸ್ವಲ್ಪ ಹೊತ್ತು ಯಾರೂ ಬಳಸದಿದ್ದ ಮೇಲೆ ದಾರಿ ಮುಚ್ಚಿಹೋಗುತ್ತದೆ.

ಬಾಡಿಗೆ ಸರ್ವರ್‌ನಲ್ಲಿ ಎಂಜಿನ್ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ಹಾಕಿ, ಬಂದ ಕೋರಿಕೆಗಳನ್ನು 10.8.0.2ರ 8080ಕ್ಕೆ ಕಳುಹಿಸುವಂತೆ ಮಾಡಿದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆಯಿಂದ, ಸುರಕ್ಷಿತ ವೆಬ್ ಸಂಪರ್ಕಕ್ಕೆ ಬೇಕಾದ ಪ್ರಮಾಣಪತ್ರ ಪಡೆಯುವಾಗ, ಡೊಮೇನ್ ದಾಖಲೆ ಇನ್ನೂ ಎಲ್ಲೆಡೆ ಹರಡಿರದಿದ್ದರೂ ಅವಸರದಿಂದ ಐದು ಸಲ ಪ್ರಯತ್ನಿಸಿ, ಒಂದು ಗಂಟೆಯ ನಿಷೇಧಕ್ಕೆ ಒಳಗಾದೆ. ಪ್ರಯೋಗಕ್ಕೆಂದೇ ಅವರಲ್ಲಿ ಬೇರೆ ವಿಳಾಸವಿದೆ. ಮೊದಲು ಅದರಲ್ಲಿ ಪರೀಕ್ಷಿಸಿಕೊಳ್ಳುವುದು ಸರಿ.

ಇಲ್ಲಿ ಇನ್ನೊಂದು ತಪ್ಪನ್ನೂ ಮಾಡಿದ್ದೆ. ಎಂಜಿನ್ಎಕ್ಸ್‌ನಲ್ಲಿ ಮೂಲ ಹೋಸ್ಟ್ ಹೆಸರನ್ನು ಹಾಗೆಯೇ ಮುಂದಕ್ಕೆ ದಾಟಿಸುವ ಸಾಲನ್ನು ಬರೆದಿರಲಿಲ್ಲ. ಪುಟಗಳೆಲ್ಲ ಚೆನ್ನಾಗಿಯೇ ತೆರೆಯುತ್ತಿದ್ದವು, ಆದರೆ ಹೊರಗಿನ ಸರ್ವರ್‌ಗಳಿಂದ ಬರುವ ಒಂದು ಬರಹವೂ ಒಳಗೆ ಬರುತ್ತಿರಲಿಲ್ಲ. ಲಾಗ್ ತುಂಬ 401, ಅಂದರೆ ಕಳುಹಿಸಿದವರ ಗುರುತು ಖಚಿತವಾಗಿಲ್ಲ ಎಂಬ ದೋಷ. ಸರ್ವರ್‌ಗಳು ತಮ್ಮ ಪ್ರತಿ ಸಂದೇಶಕ್ಕೂ ಸಹಿ ಹಾಕುತ್ತವೆ, ಆ ಸಹಿಯಲ್ಲಿ ಹೋಸ್ಟ್ ಹೆಸರೂ ಸೇರಿರುತ್ತದೆ. ನಡುವೆ ಹೆಸರು 10.8.0.2 ಎಂದು ಬದಲಾದರೆ ಸಹಿ ತಾಳೆಯಾಗುವುದಿಲ್ಲ. ಒಂದು ಸಾಲು ಸೇರಿಸಿದ ಕೂಡಲೇ ಸರಿಹೋಯಿತು.

ಜನವರಿ 19ರಿಂದ 24: ಅರ್ಧ ಬಂದು ನಿಲ್ಲುವ ಚಿತ್ರ

ಈ ವಾರವೇ ನನಗೆ ಅತ್ಯಂತ ಕಷ್ಟದ್ದಾಗಿತ್ತು. ಮೊದಲು ಚಿತ್ರ ಏರಿಸಿದರೆ 413 ಎಂಬ ದೋಷ ಬರುತ್ತಿತ್ತು. ಎಂಜಿನ್ಎಕ್ಸ್ ತಾನಾಗಿ ಒಪ್ಪುವ ಮಿತಿ 1 ಎಂಬಿ ಮಾತ್ರ. ಅದನ್ನು 40 ಎಂಬಿಗೆ ಏರಿಸಿದೆ. ದೋಷ ಹೋಯಿತು, ಆದರೆ ಹೊಸ ತೊಂದರೆ ಕಾಣಿಸಿಕೊಂಡಿತು. ಬರಹಗಳು ತಕ್ಷಣ ಬರುತ್ತಿದ್ದವು, ಚಿತ್ರಗಳು ಮಾತ್ರ ನಿಂತುಬಿಡುತ್ತಿದ್ದವು. ಕೊಕ್ಕರೆ ಬೆಳ್ಳೂರಿನ ಒಂದು ಹೆಜ್ಜಾರ್ಲೆಯ ಚಿತ್ರವನ್ನು ಪರೀಕ್ಷೆಗೆಂದು ಇಟ್ಟುಕೊಂಡಿದ್ದೆ. ಅದರ ಜಾಗದಲ್ಲಿ ಬೂದು ಚೌಕವೊಂದೇ ಉಳಿಯುತ್ತಿತ್ತು. ಸುರಂಗದ ಎರಡೂ ತುದಿಯಿಂದ ಸಾಮಾನ್ಯ ಪಿಂಗ್‌ಗೆ (ತಲುಪುತ್ತದೆಯೇ ಎಂದು ನೋಡುವ ಪುಟ್ಟ ಸಂದೇಶ) ಉತ್ತರ ಸರಿಯಾಗಿ ಬರುತ್ತಿದ್ದುದರಿಂದ ಸುರಂಗದ ಮೇಲೆ ಸಂಶಯವೇ ಬರಲಿಲ್ಲ. ಡಿಸ್ಕ್ ವೇಗ ಅಳೆದೆ, ಎಂಜಿನ್ಎಕ್ಸ್‌ನ ಬಫರ್‌ಗಳನ್ನು ಬದಲಿಸಿದೆ, ಗೋಟುಸೋಶಿಯಲ್‌ನ ಹಿಂದಿನ ಆವೃತ್ತಿಯನ್ನೂ ಹಾಕಿ ನೋಡಿದೆ. ಯಾವುದೂ ಪ್ರಯೋಜನಕ್ಕೆ ಬರಲಿಲ್ಲ.

ಐದನೆಯ ದಿನ, ಪ್ಯಾಕೆಟ್ಟನ್ನು ನಡುವೆ ತುಂಡರಿಸಬಾರದೆಂಬ ಸೂಚನೆಯೊಂದಿಗೆ ದೊಡ್ಡ ಗಾತ್ರದ ಪಿಂಗ್ ಕಳುಹಿಸಿದೆ. 1380 ಬೈಟ್‌ಗೆ ಉತ್ತರ ಬಂತು. 1392ಕ್ಕೆ ಬರಲಿಲ್ಲ. ಮತ್ತೆ 1380, ಬಂತು. ಮತ್ತೆ 1392, ಇಲ್ಲ. ಕಾರಣ ಅಲ್ಲೇ ಇತ್ತು. ವೈರ್‌ಗಾರ್ಡ್ ಸುರಂಗಕ್ಕೆ ತಾನಾಗಿ ಇಟ್ಟುಕೊಂಡಿದ್ದ ಪ್ಯಾಕೆಟ್‌ನ ಗರಿಷ್ಠ ಗಾತ್ರ 1420 ಬೈಟ್ (1392ರ ಪಿಂಗ್‌ಗೆ ಅದರದೇ ತಲೆಭಾಗದ 28 ಬೈಟ್ ಸೇರಿದರೆ ಇಷ್ಟೇ ಆಗುತ್ತದೆ). ಬಾಡಿಗೆ ಸರ್ವರ್‌ನ ಹೆಸರು ಐಪಿ ಆರನೇ ಆವೃತ್ತಿಯ ವಿಳಾಸವಾಗಿ ಸಿಗುತ್ತಿದ್ದುದರಿಂದ, ಅದರ ಮೇಲೆ ಸುತ್ತುವ ಹೊದಿಕೆ 80 ಬೈಟ್, ಒಟ್ಟು 1500. ನಮ್ಮ ಮನೆಯ ಫೈಬರ್ ಸಂಪರ್ಕ ಪಿಪಿಪಿಒಇ (ಅಂತರ್ಜಾಲ ಕಂಪನಿಗೆ ಲಾಗಿನ್ ಆಗಿ ಸಂಪರ್ಕ ಪಡೆಯುವ ವಿಧಾನ) ಮೂಲಕ ಬರುವುದರಿಂದ ಅದರಲ್ಲಿ ಹೋಗಬಹುದಾದದ್ದು 1492. ಎಂಟು ಬೈಟ್ ಹೆಚ್ಚಾಗಿ ತುಂಬಿದ ಪ್ಯಾಕೆಟ್‌ಗಳೆಲ್ಲ ದಾರಿಯಲ್ಲಿ ಸದ್ದಿಲ್ಲದೆ ಕಳೆದುಹೋಗುತ್ತಿದ್ದವು. ಸಣ್ಣ ಬರಹಗಳ ಪ್ಯಾಕೆಟ್‌ಗಳು ತುಂಬುವಷ್ಟು ದೊಡ್ಡದಿರಲಿಲ್ಲ, ಹಾಗಾಗಿ ಅವು ಪಾರಾಗುತ್ತಿದ್ದವು. ಸುರಂಗದ ಎರಡೂ ತುದಿಯ ಸಂರಚನೆಯಲ್ಲಿ ಗಾತ್ರವನ್ನು 1400 ಎಂದು ಬರೆದು ಮರಳಿ ಆರಂಭಿಸಿದೆ. ಹೆಜ್ಜಾರ್ಲೆ ಒಂದು ಸೆಕೆಂಡಿನೊಳಗೆ ಪೂರ್ತಿ ಕಾಣಿಸಿತು. ಮನೆಯಲ್ಲಿ ಎಲ್ಲರನ್ನೂ ಕರೆದು ತೋರಿಸಿದೆ.

ಅದೇ ಸಂಜೆ ಗೂಡಿನ ವಿಷಯವನ್ನೂ ಪರೀಕ್ಷಿಸಿದೆ. ಮೂಲ ಚಿತ್ರವನ್ನು, ಚಿತ್ರದೊಳಗೆ ಅಡಗಿರುವ ಮಾಹಿತಿ ತೋರಿಸುವ ಎಕ್ಸಿಫ್‌ಟೂಲ್‌ನಲ್ಲಿ ನೋಡಿದರೆ ಕ್ಯಾಮೆರಾದ ಹೆಸರು, ಸಮಯ, 12 ಡಿಗ್ರಿ ಉತ್ತರ, 77 ಡಿಗ್ರಿ ಪೂರ್ವ ಎಂದು ಆರಂಭವಾಗುವ ಸ್ಥಳದ ಸಾಲುಗಳು ಎಲ್ಲವೂ ಇದ್ದವು. ಅದನ್ನು ಏರಿಸಿ, ನಮ್ಮ ಸರ್ವರ್‌ನಿಂದಲೇ ಮರಳಿ ಇಳಿಸಿಕೊಂಡು ನೋಡಿದಾಗ ಸ್ಥಳದ ಒಂದು ಸಾಲೂ ಉಳಿದಿರಲಿಲ್ಲ. ಗೋಟುಸೋಶಿಯಲ್ ಈ ಮಾಹಿತಿಯನ್ನು ತಾನೇ ತೆಗೆದುಹಾಕುತ್ತದೆ ಎಂದು ಓದಿದ್ದೆನಾದರೂ ಕಣ್ಣಾರೆ ನೋಡದೆ ಗೂಡಿನ ಚಿತ್ರವೊಂದನ್ನೂ ಹಾಕಕೂಡದೆಂದು ನಾವು ಮೊದಲೇ ತೀರ್ಮಾನಿಸಿದ್ದೆವು.

ಜನವರಿ 26: ಅತ್ಯಂತ ದೊಡ್ಡ ತಪ್ಪು

ಮೂರು ವಾರಗಳ ಪ್ರಯೋಗದಲ್ಲಿ ಬೇಡದ ಖಾತೆಗಳು, ಪರೀಕ್ಷೆಯ ಬರಹಗಳು ತುಂಬಿಕೊಂಡಿದ್ದವು. ಬಳಗದವರನ್ನು ಕರೆಯುವ ಮೊದಲು ಎಲ್ಲವನ್ನೂ ಶುಚಿಮಾಡೋಣವೆಂದು ಸೇವೆಯನ್ನು ನಿಲ್ಲಿಸಿ, ಡೇಟಾಬೇಸ್ ಕಡತವನ್ನು ಅಳಿಸಿ, ಅದೇ ಡೊಮೇನ್‌ನಲ್ಲಿ ಅದೇ ಹೆಸರಿನ ಖಾತೆಯನ್ನು ಹೊಸದಾಗಿ ಸೃಷ್ಟಿಸಿದೆ. ಇದಕ್ಕೆ ಎರಡು ನಿಮಿಷ ಹಿಡಿಯಿತು. ಇದರ ಫಲವನ್ನು ಸರಿಪಡಿಸಲು ಒಂದು ವಾರ ಹಿಡಿಯಿತು.

ಪ್ರತಿ ಖಾತೆಗೂ ಸಹಿ ಹಾಕಲು ಮತ್ತು ಆ ಸಹಿಯನ್ನು ಪರಿಶೀಲಿಸಲು ಬಳಸುವ ಒಂದು ಜೋಡಿ ಕೀಲಿಗಳಿರುತ್ತವೆ, ಅವು ಆ ಡೇಟಾಬೇಸ್‌ನೊಳಗೇ ಇರುತ್ತವೆ. ಹೊರಗಿನ ಸರ್ವರ್‌ಗಳು ನನ್ನ ಖಾತೆಯ ಸಾರ್ವಜನಿಕ ಕೀಲಿಯನ್ನು ಆಗಲೇ ತಮ್ಮಲ್ಲಿ ಬರೆದಿಟ್ಟುಕೊಂಡಿದ್ದವು. ಈಗ ಅದೇ ವಿಳಾಸದಿಂದ ಬೇರೆ ಕೀಲಿಯ ಸಹಿ ಬರತೊಡಗಿದಾಗ ಅವು ನನ್ನ ಬರಹಗಳನ್ನು ನಿರಾಕರಿಸಿದವು, ನಿರಾಕರಿಸಬೇಕಾದದ್ದೇ ಸರಿ. ಕೆಲವು ಸರ್ವರ್‌ಗಳು ಒಂದೆರಡು ದಿನಗಳಲ್ಲಿ ಹೊಸ ಕೀಲಿಯನ್ನು ಪಡೆದುಕೊಂಡವು, ಕೆಲವು ಪಡೆಯಲಿಲ್ಲ. ಹಿಂಬಾಲಿಕೆಗಳ ಸ್ಥಿತಿ ಇನ್ನೂ ಗೋಜಲಾಯಿತು: ನಾನು ಅವರನ್ನು ಹಿಂಬಾಲಿಸುತ್ತಿದ್ದೇನೆಂದು ಅವರ ಸರ್ವರ್ ತಿಳಿದಿತ್ತು, ನನ್ನ ಸರ್ವರ್‌ಗೆ ಅದರ ನೆನಪೇ ಇರಲಿಲ್ಲ. ಹಳೆಯ ಡೇಟಾಬೇಸ್‌ನ ಪ್ರತಿಯೊಂದನ್ನು ಎತ್ತಿಟ್ಟಿದ್ದರೆ ಅದನ್ನು ಮರಳಿ ಇಟ್ಟು ಹತ್ತು ನಿಮಿಷದಲ್ಲಿ ಎಲ್ಲವನ್ನೂ ಸರಿಪಡಿಸಬಹುದಾಗಿತ್ತು. ನಾನು ಇಟ್ಟಿರಲಿಲ್ಲ.

ಒಮ್ಮೆ ಹೊರಗಿನವರೊಂದಿಗೆ ಮಾತು ಆರಂಭವಾದ ಮೇಲೆ ಹೆಸರನ್ನು ಬದಲಿಸುವಂತಿಲ್ಲ, ಡೇಟಾಬೇಸನ್ನು ಬಿಸಾಡುವಂತಿಲ್ಲ. ಯಂತ್ರ, ಡಿಸ್ಕ್, ಸುರಂಗ, ಬಾಡಿಗೆ ಸರ್ವರ್ ಯಾವುದನ್ನಾದರೂ ನಾಳೆ ಬದಲಿಸಬಹುದು. ಹೆಸರು ಮತ್ತು ಕೀಲಿ ಇವೆರಡೇ ನಿಜವಾಗಿ ಸರ್ವರ್. ಪ್ರಯೋಗಕ್ಕೆ ಬೇರೆಯೇ ಉಪಡೊಮೇನ್ ಇಟ್ಟುಕೊಳ್ಳಿ ಎಂದು ಈ ಕೆಲಸಕ್ಕೆ ಇಳಿಯುವ ಎಲ್ಲರಲ್ಲೂ ಕೈಮುಗಿದು ಕೇಳಿಕೊಳ್ಳುತ್ತೇನೆ.

ಫೆಬ್ರವರಿ 1ರಂದು ಹೊಸ ಉಪಡೊಮೇನ್ ಒಂದನ್ನು ಸೃಷ್ಟಿಸಿ, ಅದರಲ್ಲಿ ಖಾಲಿ ಡೇಟಾಬೇಸ್‌ನೊಂದಿಗೆ ಮರಳಿ ಆರಂಭಿಸಿದೆ. ಮೊದಲು ಖಾತೆಯ ವಿಳಾಸದಲ್ಲಿ ಡೊಮೇನ್‌ನ ಮೂಲ ಹೆಸರು ಮಾತ್ರ ಬರುವಂತೆ ಮಾಡಿಕೊಂಡಿದ್ದೆ. ಆ ಚಿಕ್ಕ, ಚೆಂದದ ವಿಳಾಸ ಈಗ ಕೈತಪ್ಪಿದೆ. ನಮ್ಮ ವಿಳಾಸಗಳಲ್ಲಿ ಎಂಟು ಅಕ್ಷರ ಹೆಚ್ಚಾಗಿವೆ.

ಫೆಬ್ರವರಿ 2: ಹನ್ನೊಂದು ಜನ ಒಟ್ಟಿಗೆ

ಭಾನುವಾರ ಬೆಳಗ್ಗೆ ಎಲ್ಲರೂ ನಮ್ಮ ಮನೆಗೆ ಬಂದರು. ಗೋಟುಸೋಶಿಯಲ್‌ಗೆ ಬರೆಯುವ ಪುಟ ತನ್ನದೇ ಆಗಿ ಇಲ್ಲ, ಬೇರೆ ಆ್ಯಪ್ ಬೇಕು. ಫೋನ್‌ಗಳಲ್ಲಿ ಟಸ್ಕಿ ಹಾಕಿಸಿದೆ, ಕಂಪ್ಯೂಟರ್ ಬಳಸುವ ಇಬ್ಬರಿಗೆ ಫ್ಯಾನ್ಪಿ ತೋರಿಸಿದೆ. ಕಾಲು ಗಂಟೆ ಎಲ್ಲ ಸರಿಯಿತ್ತು. ಆಮೇಲೆ ಒಬ್ಬರ ಹಿಂದೊಬ್ಬರಿಗೆ 429 ಎಂಬ ದೋಷ ಬರತೊಡಗಿತು, ಅಂದರೆ ಮಿತಿಮೀರಿ ಕೇಳುತ್ತಿದ್ದೀರಿ ಎಂದರ್ಥ. ಒಂದು ವಿಳಾಸದಿಂದ ಐದು ನಿಮಿಷಕ್ಕೆ 300 ಕೋರಿಕೆಗಳು ಎಂಬುದು ಗೋಟುಸೋಶಿಯಲ್‌ನ ಮೂಲ ಮಿತಿ. ಎಲ್ಲರ ಕೋರಿಕೆಗಳೂ ಸುರಂಗದ ಮೂಲಕ ಬರುವುದರಿಂದ ಹನ್ನೊಂದು ಜನರೂ 10.8.0.1 ಎಂಬ ಒಬ್ಬನೇ ವ್ಯಕ್ತಿಯಂತೆ ಅದಕ್ಕೆ ಕಾಣುತ್ತಿದ್ದರು. ನಂಬಬಹುದಾದ ಪ್ರಾಕ್ಸಿಗಳ (ನಡುವೆ ನಿಂತು ಕೋರಿಕೆ ದಾಟಿಸುವ ಸರ್ವರ್‌ಗಳ) ಪಟ್ಟಿಗೆ ಆ ವಿಳಾಸವನ್ನು ಸೇರಿಸಿ, ನಿಜವಾದ ವಿಳಾಸವನ್ನು ಎಂಜಿನ್ಎಕ್ಸ್ ದಾಟಿಸುವಂತೆ ಮಾಡಿದೆ. ಆಗಲೂ ತೊಂದರೆ ಪೂರ್ತಿ ಹೋಗಲಿಲ್ಲ, ಏಕೆಂದರೆ ಎಲ್ಲರೂ ನಮ್ಮ ಮನೆಯ ವೈಫೈನಲ್ಲೇ ಇದ್ದರು! ತಮ್ಮ ತಮ್ಮ ಫೋನಿನ ಡೇಟಾಗೆ ಬದಲಾಯಿಸಿಕೊಂಡ ಮೇಲೆ ಸರಿಯಾಯಿತು.

ಫೆಬ್ರವರಿ 9: ಕರೆಂಟ್ ಹೋದ ಮೇಲೆ

ರಾತ್ರಿ ಕರೆಂಟ್ ಹೋಗಿ ಬಂದಿತ್ತು. ಯಂತ್ರ ತಾನಾಗಿ ಎದ್ದಿತ್ತು, ಸುರಂಗವೂ ಎದ್ದಿತ್ತು, ಗೋಟುಸೋಶಿಯಲ್ ಮಾತ್ರ ಎದ್ದಿರಲಿಲ್ಲ. ಅದು 10.8.0.2 ಎಂಬ ವಿಳಾಸದಲ್ಲೇ ಕಿವಿಗೊಡುವಂತೆ ಬರೆದಿದ್ದೆ. ಬೂಟ್ ಆಗುವಾಗ ಸುರಂಗಕ್ಕಿಂತ ಮೊದಲೇ ಅದು ಆರಂಭವಾಗಿ, ಅಂಥ ವಿಳಾಸವೇ ಇಲ್ಲವೆಂದು ನಿಂತುಹೋಗಿತ್ತು. ಬೂಟ್ ಆಗುವಾಗ ಸೇವೆಗಳನ್ನು ಆರಂಭಿಸುವ ಸಿಸ್ಟಂಡಿಗಾಗಿ ನಾನು ಕೈಯಾರೆ ಬರೆದ ಕಡತದಲ್ಲಿ ವಿಫಲವಾದರೆ ಮರಳಿ ಆರಂಭಿಸಬೇಕೆಂಬ ಸಾಲೂ ಇರಲಿಲ್ಲ. ಸುರಂಗದ ನಂತರವೇ ಆರಂಭವಾಗಬೇಕು, ವಿಫಲವಾದರೆ ಹತ್ತು ಸೆಕೆಂಡ್ ಬಿಟ್ಟು ಮತ್ತೆ ಪ್ರಯತ್ನಿಸಬೇಕು ಎಂಬೆರಡನ್ನೂ ಸೇರಿಸಿ, ಪ್ಲಗ್ ಕಿತ್ತು ಮೂರು ಸಲ ಪರೀಕ್ಷಿಸಿದೆ. ಆ ವಾರವೇ ₹2,400 ಕೊಟ್ಟು ರೂಟರ್ ಮತ್ತು ಯಂತ್ರ ಎರಡಕ್ಕೂ ಸೇರಿ ಒಂದು ಸಣ್ಣ ಯುಪಿಎಸ್ ತಂದೆ.

ಫೆಬ್ರವರಿ 15: ಬ್ಯಾಕಪ್

ಜನವರಿ 26ರ ಪಾಠದ ನಂತರ ಪ್ರತಿ ರಾತ್ರಿ ಡೇಟಾಬೇಸ್ ಕಡತವನ್ನು ಹೊರಗಿನ ಡಿಸ್ಕಿಗೆ ನಕಲಿಸುತ್ತಿದ್ದೆ. ಎರಡು ವಾರ ಕಳೆದ ಮೇಲೆ, ಆ ನಕಲಿನಿಂದ ನಿಜವಾಗಿಯೂ ಸರ್ವರ್ ಎಬ್ಬಿಸಬಹುದೇ ಎಂದು ಹಳೆಯ ಲ್ಯಾಪ್‌ಟಾಪಿನಲ್ಲಿ, ಅಂತರ್ಜಾಲದ ಸಂಪರ್ಕ ತೆಗೆದು, ಪರೀಕ್ಷಿಸಿದೆ. ಎದ್ದಿತು, ಆದರೆ ಆ ದಿನದ ಬರಹಗಳು ಅದರಲ್ಲಿರಲಿಲ್ಲ. ಮೂಲ ಫೋಲ್ಡರಿನಲ್ಲಿ ಡೇಟಾಬೇಸ್‌ನ ಪಕ್ಕದಲ್ಲೇ ಅದೇ ಹೆಸರಿನ ಕೊನೆಗೆ 'ಡಬ್ಲ್ಯುಎಎಲ್' ಎಂದಿರುವ ಇನ್ನೊಂದು ಕಡತವಿತ್ತು. ಹೊಸ ಬರವಣಿಗೆಯೆಲ್ಲ ಮೊದಲು ಅದರಲ್ಲಿ ಸೇರಿ, ಆಮೇಲೆ ಮುಖ್ಯ ಕಡತಕ್ಕೆ ಹೋಗುತ್ತದೆ; ನಾನು ಮುಖ್ಯ ಕಡತವನ್ನಷ್ಟೇ ನಕಲಿಸುತ್ತಿದ್ದೆ. ಓಡುತ್ತಿರುವ ಡೇಟಾಬೇಸನ್ನು ಹೀಗೆ ನಕಲಿಸಿದರೆ ಕಡತವೇ ಕೆಡುವ ಸಂಭವವೂ ಇದೆ. ಈಗ ರಾತ್ರಿ 2.30ಕ್ಕೆ ಎಸ್‌ಕ್ಯೂಲೈಟ್‌ನ ಬ್ಯಾಕಪ್ ಆಜ್ಞೆಯ ಮೂಲಕವೇ ಪೂರ್ಣ ಪ್ರತಿ ತೆಗೆದು, ಚಿತ್ರಗಳ ಫೋಲ್ಡರನ್ನು ಆರ್‌ಸಿಂಕ್ ಎಂಬ ನಕಲು ಸಾಧನದಿಂದ ನಕಲಿಸುತ್ತೇನೆ. ವಾರಕ್ಕೊಮ್ಮೆ ಡೇಟಾಬೇಸ್‌ನ ಒಂದು ಪ್ರತಿ, ಬೀಗ ಹಾಕಿದ ರೂಪದಲ್ಲಿ, ಬಳಗದ ಇನ್ನೊಬ್ಬರ ಮನೆಗೂ ಹೋಗುತ್ತದೆ.

ಖರ್ಚು: ಯಂತ್ರ ₹8,200, ಯುಪಿಎಸ್ ₹2,400, ಡೊಮೇನ್ ₹650, ನೆಟ್‌ವರ್ಕ್ ಕೇಬಲ್ ₹180, ಒಟ್ಟು ₹11,430. ಬಾಡಿಗೆ ಸರ್ವರ್‌ಗೆ ತಿಂಗಳಿಗೆ ತಗಲುವ ₹430ಕ್ಕೆ ತಲಾ ₹40ರಂತೆ ಹಾಕಿಕೊಳ್ಳುತ್ತೇವೆ, ಕರೆಂಟ್ ಖರ್ಚು ನನ್ನದು. ಗೋಟುಸೋಶಿಯಲ್ 300 ಎಂಬಿ ಆಸುಪಾಸಿನ ಮೆಮೊರಿಯಲ್ಲೇ ಓಡುತ್ತಿದೆ. ಹೊರಗಿನವರ ಚಿತ್ರಗಳ ಪ್ರತಿಗಳನ್ನು ಅದು ಏಳು ದಿನಗಳ ನಂತರ ತಾನೇ ಅಳಿಸುವುದರಿಂದ ಡಿಸ್ಕ್ ತುಂಬುವ ಭಯ ಸದ್ಯಕ್ಕಿಲ್ಲ.

ಉಳಿದಿದ್ದ ಒಂದೇ ಕೆಲಸ ಹಾಳಾದ ಹಳೆಯ ವಿಳಾಸದ್ದು. ಹೊರಗಿನ ಸರ್ವರ್‌ಗಳು ಇನ್ನೂ ಅದನ್ನು ಹುಡುಕಿಕೊಂಡು ದಿನವೂ ಬರುತ್ತಿರುವುದು ಎಂಜಿನ್ಎಕ್ಸ್‌ನ ಲಾಗ್‌ನಲ್ಲಿ ಕಾಣುತ್ತಿತ್ತು. ಅದನ್ನು ಸುಮ್ಮನೆ ಮುಚ್ಚಿದ್ದರೆ ಅವು ಸರ್ವರ್ ತಾತ್ಕಾಲಿಕವಾಗಿ ಕೆಟ್ಟಿದೆಯೆಂದು ತಿಳಿದು ಮತ್ತೆ ಮತ್ತೆ ಬರುತ್ತವೆ. ಆದ್ದರಿಂದ ಆ ಹೆಸರನ್ನು ಜೀವಂತವಾಗಿಟ್ಟು, ಬಂದ ಪ್ರತಿ ಕೋರಿಕೆಗೂ 410 ಎಂದು, ಅಂದರೆ ಇದು ಇಲ್ಲಿತ್ತು, ಈಗ ಶಾಶ್ವತವಾಗಿ ಹೋಗಿದೆ ಎಂದು, ಉತ್ತರಿಸುವಂತೆ ಫೆಬ್ರವರಿ 16ರಂದು ಬರೆದಿದ್ದೇನೆ. ಅದರ ಪ್ರಮಾಣಪತ್ರವನ್ನೂ ಹೊಸ ಹೆಸರಿನದರ ಜೊತೆಗೇ ನವೀಕರಿಸುತ್ತಿದ್ದೇನೆ.